ಮಿನ್ನೆಸೋಟಾ ಸಂಸ್ಥಾನದ ಐವತ್ತು ಲಕ್ಷದ ಸಾಲ

ಒಬ್ಬ ಮನುಷ್ಯನು ಕೈಯೊಡ್ಡಿ ತಂದ ಸಾಲವನ್ನು ತೀರಿಸಲೇಬೇಕೆಂಬ ವಿಷಯದಲ್ಲಿ ಯಾವ ದೇಶದ ಧರ್ಮಶಾಸ್ತ್ರಕ್ಕೂ ಸಂದೇಹವಿಲ್ಲ. ಕೊಟ್ಟವನು ಯಾರು, ತಂದವನು ಯಾರು, ಸಾಕ್ಷಿಗಳು ಯಾರು ಎಂಬುದು ಅಲ್ಲಿ ಸ್ಪಷ್ಟ. ಆದರೆ ಸಾಲವನ್ನು ತಂದವನು ಒಬ್ಬ ಮನುಷ್ಯನಾಗಿರದೆ ಒಂದು ಜನಸಮೂಹವೇ ಆಗಿದ್ದರೆ ಏನಾಗುವುದು? ಸಾಲಕ್ಕೆ ಒಪ್ಪಿಗೆ ಕೊಟ್ಟುದೂ ಆ ಜನರ ಮತವೇ, ಅದನ್ನು ತೀರಿಸಲು ಬೇಕಾದ ತೆರಿಗೆಯನ್ನು ಒಲ್ಲೆನೆಂದುದೂ ಅದೇ ಜನರ ಮತವೇ ಆದರೆ, ಎರಡರಲ್ಲಿ ಯಾವ ಮತವು ಹೆಚ್ಚಿನದು? ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಮೂವತ್ತೆರಡನೆಯದಾಗಿ ಸೇರಿದ ಮಿನ್ನೆಸೋಟಾ ಸಂಸ್ಥಾನವು ಈ ಪ್ರಶ್ನೆಯನ್ನು ತನ್ನ ಹುಟ್ಟಿನೊಡನೆಯೇ ಎದುರುಗೊಂಡಿತು. ಅದಕ್ಕೆ ಉತ್ತರ ದೊರೆಯಲು ಇಪ್ಪತ್ತಮೂರು ವರ್ಷಗಳು ಹಿಡಿದುವು.

ಮಿನ್ನೆಸೋಟಾ ಪ್ರಾಂತವು ಮಿಸ್ಸಿಸ್ಸಿಪ್ಪಿ ಮಹಾನದಿಯ ಉಗಮದ ಸೀಮೆ. ೧೮೪೯ರಲ್ಲಿ ಅದಕ್ಕೆ 'ಟೆರಿಟರಿ' ಎಂಬ ಅಪೂರ್ಣಾಧಿಕಾರದ ಸ್ಥಾನ ದೊರೆಯಿತು. ೧೮೫೦ರ ಜನಗಣತಿಯಲ್ಲಿ ಅಲ್ಲಿ ಲೆಕ್ಕಕ್ಕೆ ಸಿಕ್ಕಿದವರು ೬,೦೭೭ ಜನ ಮಾತ್ರ. ಹತ್ತೇ ವರ್ಷಗಳಲ್ಲಿ ಆ ಸಂಖ್ಯೆ ೧,೭೨,೦೨೩ಕ್ಕೆ ಏರಿತು. ಇಷ್ಟು ವೇಗವಾಗಿ ಬೆಳೆದ ನಾಡಿಗೆ ಹೊರಜಗತ್ತಿನೊಡನೆ ಇದ್ದ ಮುಖ್ಯ ದಾರಿಯೆಂದರೆ ನದಿಯೊಂದೇ. ಬೇಸಗೆಯಲ್ಲಿ ಉಗಿಹಡಗುಗಳು ಸೇಂಟ್ ಪಾಲ್ ಪಟ್ಟಣದ ಕಟ್ಟೆಗೆ ಬಂದು ನಿಲ್ಲುತ್ತಿದ್ದುವು. ಚಳಿಗಾಲ ಬಂದಿತೆಂದರೆ ನದಿ ಹೆಪ್ಪುಗಟ್ಟಿ ಕಲ್ಲಾಗುವುದು, ತಿಂಗಳುಗಟ್ಟಲೆ ಸರಕು ಸಾಗಣೆ ನಿಂತುಹೋಗುವುದು. ನೆರೆಯ ವಿಸ್ಕಾನ್ಸಿನ್ ಸಂಸ್ಥಾನದ ಪ್ರೇರಿ ಡು ಶೀನ್ ಎಂಬ ಊರಿಗೆ ೧೮೫೭ರಲ್ಲಿ ರೈಲು ಬಂದು ನದೀತೀರವನ್ನು ಮುಟ್ಟಿತು. ಆಚೆ ದಡದವರಿಗೆ ಬಂದುದು ತಮಗೆ ಯಾವಾಗ ಎಂಬ ಮಾತು ಮಿನ್ನೆಸೋಟಾದ ಮನೆಮನೆಯಲ್ಲಿಯೂ ಹುಟ್ಟಿದುದು ಸಹಜವೇ ಸರಿ.

ಅದೇ ವರ್ಷದ ಮಾರ್ಚ್ ೩ರಂದು ವಾಷಿಂಗ್ಟನ್ನಿನ ಕಾಂಗ್ರೆಸ್ ಸಭೆಯು ರೈಲುದಾರಿಗಳ ನಿರ್ಮಾಣಕ್ಕೆಂದು ಪ್ರಾಂತಕ್ಕೆ ಭೂದಾನ ಮಾಡಿತು. ಹಾಕುವ ದಾರಿಯ ಪ್ರತಿಯೊಂದು ಮೈಲಿಗೂ ಎಡಬಲಗಳೆರಡೂ ಸೇರಿ ಆರು ತುಂಡು ಭೂಮಿ. ಒಂದೊಂದು ತುಂಡು ೬೪೦ ಎಕರೆ. ಒಟ್ಟಿನಲ್ಲಿ ಇದು ಹತ್ತಾರು ಲಕ್ಷ ಎಕರೆಗಳ ಮಾತು. ಪ್ರಾಂತದ ಶಾಸನಸಭೆಯು ಕೂಡಲೆ ನಾಲ್ಕು ಕಂಪೆನಿಗಳಿಗೆ ಸನ್ನದು ಕೊಟ್ಟು ಆ ಭೂಮಿಯನ್ನು ಹಂಚಿತು. ಆ ನೆಲವಾದರೂ ಯಾರದು? ೧೮೫೧ರ ಒಡಂಬಡಿಕೆಗಳವರೆಗೆ ಅದರ ಬಹುಭಾಗವು ಡಕೋಟಾ ಎಂಬ ಮೂಲನಿವಾಸಿಗಳದಾಗಿದ್ದಿತು. ಆ ಒಡಂಬಡಿಕೆಗಳಲ್ಲಿ ಡಕೋಟಾ ಜನರಿಗೆ ಸಲ್ಲಬೇಕಾಗಿದ್ದ ಹಣದಿಂದ ತುಪ್ಪುಳು ಚರ್ಮಗಳ ವರ್ತಕರ ಹಳೆಯ ಬಾಕಿಯೆಂದು ದೊಡ್ಡ ಮೊತ್ತವನ್ನು ಮುರಿದುಕೊಳ್ಳಲಾಯಿತು. ಆ ವರ್ತಕರಲ್ಲಿ ಮೆಂಡೋಟಾ ಗ್ರಾಮದ ಹೆನ್ರಿ ಹೇಸ್ಟಿಂಗ್ಸ್ ಸಿಬ್ಲಿ ಎಂಬವನೂ ಒಬ್ಬನು. ಆ ಋಣದ ವಸೂಲಿಗೆ ಯಾರ ಮತವನ್ನೂ ಕೇಳಲಿಲ್ಲ. ಈ ಸಿಬ್ಲಿಯೇ ಮುಂದೆ ಸಂಸ್ಥಾನದ ಮೊದಲನೆಯ ಗವರ್ನರನಾದುದರಿಂದ ವಾಚಕರು ಇದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಕಂಪೆನಿಗಳಿಗೆ ಭೂಮಿ ದೊರೆಯಿತೇ ಹೊರತು ಹಣ ದೊರೆಯಲಿಲ್ಲ. ೧೮೫೭ರ ಆಗಸ್ಟ್ ೨೪ರಂದು ಒಹಾಯೊ ಲೈಫ್ ಇನ್ಷೂರೆನ್ಸ್ ಅಂಡ್ ಟ್ರಸ್ಟ್ ಕಂಪೆನಿಯ ನ್ಯೂಯಾರ್ಕ್ ಶಾಖೆ ಬಾಗಿಲು ಮುಚ್ಚಿತು. ಅದರ ಹಿಂದೆಯೇ ದೇಶದ ಬ್ಯಾಂಕುಗಳು ಒಂದೊಂದಾಗಿ ಕುಸಿದುವು. ಮಿನ್ನೆಸೋಟಾದಲ್ಲಿ ನಿವೇಶನಗಳ ಬೆಲೆಯನ್ನು ದಿನಕ್ಕೊಂದರಂತೆ ಏರಿಸಿಕೊಂಡು ಕುಳಿತಿದ್ದವರು ಒಂದೇ ತಿಂಗಳಲ್ಲಿ ಕೈಬರಿದಾದರು. ನಾಣ್ಯವೆಂಬುದು ಕಣ್ಣಿಗೆ ಬೀಳದಂತಾಯಿತು. ಈ ಸಂಕಟದ ನಡುವೆಯೇ ಅಕ್ಟೋಬರ್ ೧೩ರಂದು ಜನರು ತಮ್ಮ ಹೊಸ ರಾಜ್ಯಘಟನೆಯನ್ನು ಬಹುಮತದಿಂದ ಅಂಗೀಕರಿಸಿದರು. ಘಟನೆಯನ್ನು ಬರೆದವರು ದೂರದೃಷ್ಟಿಯುಳ್ಳವರೆನ್ನಬೇಕು. ಸಂಸ್ಥಾನದ ಸಾಲವು ಎರಡೂವರೆ ಲಕ್ಷ ಡಾಲರುಗಳನ್ನು ಮೀರಕೂಡದೆಂದೂ, ಸಂಸ್ಥಾನವು ತನ್ನ ಪತ್ತನ್ನು ಯಾವ ವ್ಯಕ್ತಿಗಾಗಲಿ ಕಂಪೆನಿಗಾಗಲಿ ಎರವಲು ಕೊಡಕೂಡದೆಂದೂ ಅವರು ಸ್ಪಷ್ಟವಾಗಿ ವಿಧಿಸಿದ್ದರು. ಹಿಂದಿನ ಎರಡು ದಶಕಗಳಲ್ಲಿ ಇತರ ಸಂಸ್ಥಾನಗಳು ಕಾಲುವೆ ಬ್ಯಾಂಕು ರೈಲುಗಳಿಗೆ ಜಾಮೀನು ನಿಂತು ಕೆಟ್ಟುದನ್ನು ಅವರು ಕಂಡಿದ್ದರು.

ಈ ಕಟ್ಟು ನಿಂತುದು ಆರು ತಿಂಗಳು. ಸಂಸ್ಥಾನವನ್ನು ಕಾಂಗ್ರೆಸ್ಸು ಇನ್ನೂ ಸೇರಿಸಿಕೊಂಡಿರಲಿಲ್ಲ. ಅಷ್ಟರಲ್ಲಿಯೇ ಹೊಸ ಶಾಸನಸಭೆ ಕೂಡಿ, ಘಟನೆಗೆ ತಿದ್ದುಪಡಿಯೊಂದನ್ನು ರಚಿಸಿ, ಜನಮತಕ್ಕೆ ಒಪ್ಪಿಸಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತೆ, ಸಂಸ್ಥಾನ ಹುಟ್ಟುವ ಮೊದಲೇ ಅದರ ಹೆಸರಿನಲ್ಲಿ ಸಾಲ ಸಿದ್ಧವಾಯಿತು. ತಿದ್ದುಪಡಿಯ ಸಾರಾಂಶವಿಷ್ಟು: ನಾಲ್ಕು ಕಂಪೆನಿಗಳಿಗೆ ಸಹಾಯವಾಗಿ ಸಂಸ್ಥಾನವು ೫೦ ಲಕ್ಷ ಡಾಲರುಗಳವರೆಗೆ ಸಾಲಪತ್ರಗಳನ್ನು ಹೊರಡಿಸತಕ್ಕದ್ದು. ಬಡ್ಡಿ ನೂರಕ್ಕೆ ೭. ಹತ್ತು ಮೈಲಿಯ ನೆಲವನ್ನು ಸಮಮಾಡಿ ಏರಿ ಕಟ್ಟಿ ಕಂಬಿ ಹಾಕಲು ಸಿದ್ಧಮಾಡಿದರೆ ಒಂದು ಲಕ್ಷದ ಪತ್ರಗಳು. ಕಂಬಿ ಹಾಕಿ ಗಾಡಿ ಓಡಿಸಿದರೆ ಮತ್ತೊಂದು ಲಕ್ಷದವು. ಕಂಪೆನಿಗಳು ತಮ್ಮ ನಿವ್ವಳ ಲಾಭದಿಂದ ಬಡ್ಡಿ ಕಟ್ಟತಕ್ಕದ್ದು. ಮೊದಲ ೨೪೦ ತುಂಡು ಭೂಮಿಯನ್ನೂ, ಅಷ್ಟೇ ಮೊತ್ತದ ತಮ್ಮ ಅಡಮಾನ ಪತ್ರಗಳನ್ನೂ ಸಂಸ್ಥಾನಕ್ಕೆ ಭದ್ರತೆಯಾಗಿ ಒಪ್ಪಿಸತಕ್ಕದ್ದು. ಈ ಎಲ್ಲದರ ಮೇಲೆ ಸಂಸ್ಥಾನದ ನಂಬಿಕೆ ಮತ್ತು ಪತ್ತು ಸಾಲಪತ್ರದ ಹಿಂದೆ ನಿಲ್ಲತಕ್ಕದ್ದು.

ತಿದ್ದುಪಡಿಯ ಪರವಾಗಿ ಊರೂರು ತಿರುಗಿ ಭಾಷಣ ಮಾಡಿದವರ ವಾದವು ಕೇಳಲು ಬಹಳ ಸೊಗಸಾಗಿದ್ದಿತು. ಇದು ಸಾಲವಲ್ಲ, ಬರಿಯ ಪತ್ತಿನ ಎರವಲು. ಬಡ್ಡಿಯನ್ನು ಕಂಪೆನಿಗಳು ಕಟ್ಟುವುವು. ಪ್ರಜೆಯ ತಲೆಯ ಮೇಲೆ ಒಂದು ಕಾಸಿನ ತೆರಿಗೆಯೂ ಬೀಳಲಾರದು. ಕೆಲಸ ಪ್ರಾರಂಭವಾದೊಡನೆ ಕೂಲಿಯ ರೂಪದಲ್ಲಿ ಹಣ ನಾಡಿನೊಳಗೆ ಹರಿಯುವುದು. ಜಾಮೀನು ನಿಲ್ಲುವವನು ತಾನು ಸಾಲಗಾರನಲ್ಲವೆಂದು ತಿಳಿಯುವ ಭ್ರಮೆ ಹಳೆಯದು. ಜಾಮೀನುದಾರನ ಹೊಣೆಯನ್ನು ಕುರಿತು ಯಾಜ್ಞವಲ್ಕ್ಯನೂ ನಾರದನೂ ಅಷ್ಟೊಂದು ವಿಸ್ತಾರವಾಗಿ ಬರೆದುದು ಈ ಭ್ರಮೆ ಎಲ್ಲ ಕಾಲದಲ್ಲಿಯೂ ಇದ್ದುದರಿಂದಲೇ. ೧೮೫೮ರ ಏಪ್ರಿಲ್ ೧೫ರಂದು ಮತ ಬಿದ್ದಿತು. ಪರವಾಗಿ ೨೫,೦೨೩, ವಿರೋಧವಾಗಿ ೬,೭೩೩. ಐವರಲ್ಲಿ ನಾಲ್ವರ ಸಮೀಪ ಒಪ್ಪಿದರೆಂದಾಯಿತು. ಮೇ ೧೧ರಂದು ಮಿನ್ನೆಸೋಟಾ ಸಂಸ್ಥಾನವಾಯಿತು, ಸಿಬ್ಲಿ ಗವರ್ನರನಾದನು.

ಸಿಬ್ಲಿಯ ಹಳೆಯ ವರ್ತಕವೃತ್ತಿಯನ್ನು ಹೇಗೆ ಎಣಿಸಿದರೂ, ಈ ಪ್ರಸಂಗದಲ್ಲಿ ಅವನ ನಡತೆ ವಿವೇಕಯುಕ್ತವಾಗಿದ್ದಿತೆಂದು ಹೇಳಲೇಬೇಕು. ಸಾಲದ ವ್ಯವಹಾರ ಬಲ್ಲವನಾದುದರಿಂದ ಅಡಮಾನದಲ್ಲಿ ಎಲ್ಲಿ ತೂತಿದೆಯೆಂಬುದು ಅವನಿಗೆ ಕೂಡಲೆ ಕಂಡಿತು. ಕಂಪೆನಿಗಳು ಒಂದೇ ಅಡಮಾನದ ಕೆಳಗೆ ಸಂಸ್ಥಾನಕ್ಕೆ ಕೊಡುವ ಪತ್ರಗಳೊಡನೆ ಇನ್ನೂ ಬೇರೆ ಪತ್ರಗಳನ್ನು ಹೊರಡಿಸಿ ಇತರರಿಗೂ ಮಾರಲು ಹವಣಿಸಿದ್ದುವು. ಹಾಗಾದರೆ ಒಂದೇ ಒತ್ತೆಯ ಮೇಲೆ ಹಲವರ ಹಕ್ಕು ಸಮಸಮನಾಗಿ ನಿಲ್ಲುವುದು. ಮೊದಲ ಹಕ್ಕು ಸಂಸ್ಥಾನದ್ದೇ ಎಂದು ಬರೆದುಕೊಡುವವರೆಗೆ ತಾನು ಸಾಲಪತ್ರಗಳಿಗೆ ರುಜು ಹಾಕುವುದಿಲ್ಲವೆಂದು ಅವನು ಹಟ ಹಿಡಿದನು. ಮಿನ್ನೆಸೋಟಾ ಅಂಡ್ ಪೆಸಿಫಿಕ್ ಕಂಪೆನಿಯು ಸಂಸ್ಥಾನದ ಶ್ರೇಷ್ಠ ನ್ಯಾಯಸ್ಥಾನಕ್ಕೆ ಹೋಯಿತು. ತಿದ್ದುಪಡಿಯ ಮಾತುಗಳಲ್ಲಿ ಅಂತಹ ವಿಶೇಷ ಹಕ್ಕು ಕಾಣದೆಂದು ನ್ಯಾಯಾಧೀಶರು ನಿರ್ಣಯಿಸಿ ಪತ್ರಗಳನ್ನು ಹೊರಡಿಸಬೇಕೆಂದು ಗವರ್ನರನಿಗೇ ಆಜ್ಞೆ ಮಾಡಿದರು. ಸಿಬ್ಲಿ ತಲೆಬಾಗಿದನು. ಅಕ್ಷರಾರ್ಥದಲ್ಲಿ ನ್ಯಾಯಸ್ಥಾನದ ನಿರ್ಣಯ ಸರಿಯಾಗಿಯೇ ಇದ್ದಿರಬಹುದು. ಆದರೆ ಜನರು ಮತ ಹಾಕುವಾಗ ತಿಳಿದಿದ್ದ ಅರ್ಥವೇ ಬೇರೆ. ಶಬ್ದಕ್ಕೂ ತಾತ್ಪರ್ಯಕ್ಕೂ ಬಿದ್ದ ಈ ಬಿರುಕೇ ಮುಂದೆ ಜನರ ಕೋಪಕ್ಕೆ ಒಂದು ನೆಪವಾಯಿತು.

ಕೆಲಸ ನಡೆಯಿತು, ಆದರೆ ನಡೆದ ರೀತಿ ವಿಚಿತ್ರ. ಮಣ್ಣುಕೆಲಸಕ್ಕೇ ಮೈಲಿಗೆ ಹತ್ತು ಸಾವಿರದ ಪತ್ರ ಸಿಗುವಾಗ, ಕಂಬಿಯ ಖರ್ಚಿಗೆ ಕೈಹಾಕುವ ಅವಸರ ಯಾರಿಗೂ ಇರಲಿಲ್ಲ. ಕೆಲಸ ಸುಲಭವಾದೆಡೆಯಲ್ಲಿ ಹತ್ತು ಮೈಲಿ ಸಮಮಾಡುವುದು, ಪತ್ರ ಪಡೆಯುವುದು, ಮತ್ತೊಂದೆಡೆಗೆ ಸಾಗುವುದು, ಹೀಗೆ ಒಂದಕ್ಕೊಂದು ಕೂಡದ ತುಂಡು ತುಂಡಾಗಿ ೨೪೦ ಮೈಲಿಗಳ ಸಮೀಪ ಏರಿ ಎದ್ದಿತು. ಒಂದು ಮೈಲಿಯ ಕಂಬಿಯೂ ಬೀಳಲಿಲ್ಲ. ಇತ್ತ ಸಾಲಪತ್ರಗಳಿಗೆ ಪೇಟೆಯಲ್ಲಿ ಬೆಲೆ ಹುಟ್ಟಲಿಲ್ಲ. ಸಿಬ್ಲಿಯು ತಾನೇ ನ್ಯೂಯಾರ್ಕಿಗೆ ಹೋಗಿ ಸಾಹುಕಾರರ ಬಾಗಿಲು ತಟ್ಟಿ ಬರಿಗೈಯಲ್ಲಿ ಮರಳಿದನು. ಕೆಲವು ಸ್ಥಳೀಯ ಬ್ಯಾಂಕುಗಳು ಈ ಪತ್ರಗಳನ್ನೇ ಭದ್ರತೆಯಾಗಿಟ್ಟು ನೋಟುಗಳನ್ನು ಹೊರಡಿಸಿದುವು. ಪತ್ರದ ಬೆಲೆ ಇಳಿದಂತೆ ನೋಟಿನ ಬೆಲೆಯೂ ಇಳಿಯಿತು. ಆ ನೋಟುಗಳಿಂದ ಕೂಲಿ ಪಡೆದವರೂ ಧಾನ್ಯ ಮಾರಿದವರೂ ನಷ್ಟಪಟ್ಟರು. ಒಟ್ಟು ೨೨,೭೫,೦೦೦ ಡಾಲರುಗಳ ಪತ್ರಗಳು ಹೊರಬಿದ್ದ ಮೇಲೆ ಕೆಲಸ ನಿಂತಿತು. ೧೮೫೯ರ ಡಿಸೆಂಬರ್ ೧ರಂದು ಕಟ್ಟಬೇಕಾದ ಬಡ್ಡಿಯನ್ನು ಕಂಪೆನಿಗಳೂ ಕಟ್ಟಲಿಲ್ಲ, ಸಂಸ್ಥಾನವೂ ಕಟ್ಟಲಿಲ್ಲ.

ಒಂದು ಕಾಸಿನ ತೆರಿಗೆಯೂ ಬೀಳದೆಂದು ನಂಬಿದ್ದವರ ಮುಂದೆ ಈಗ ತೆರಿಗೆಯ ಪ್ರಶ್ನೆ ಬಂದು ನಿಂತಿತು. ೧೮೬೦ರ ಆದಿಯಲ್ಲಿ ರಿಪಬ್ಲಿಕನ್ ಪಕ್ಷದ ಅಲೆಕ್ಸಾಂಡರ್ ರ್‍ಯಾಮ್ಸೆ ಗವರ್ನರನಾದನು. ಶಾಸನಸಭೆಯೂ ಅದೇ ಪಕ್ಷದ್ದು. ಸಾಲವು ಡೆಮೊಕ್ರಾಟಿಕ್ ಪಕ್ಷದ ಆಳ್ವಿಕೆಯಲ್ಲಿ ಹೊರಟುದೆಂಬ ನೆಪವೂ ಕೈಯಲ್ಲಿದ್ದಿತು, ಆದರೆ ೧೮೫೮ರಲ್ಲಿ ಮತ ಕೊಟ್ಟವರು ಎರಡು ಪಕ್ಷದವರೂ ಹೌದು. ಸಭೆಯು ಘಟನೆಗೆ ಎರಡು ತಿದ್ದುಪಡಿಗಳನ್ನು ಸೂಚಿಸಿತು. ಒಂದರಿಂದ ೧೮೫೮ರ ಅಧಿಕಾರವೇ ತೊಡೆದುಹೋಗುವುದು. ಎರಡನೆಯದರಂತೆ, ಈ ಸಾಲಪತ್ರಗಳ ಅಸಲಿಗಾಗಲಿ ಬಡ್ಡಿಗಾಗಲಿ ತೆರಿಗೆ ಹಾಕುವ ಅಥವಾ ಬೇರೆ ಏರ್ಪಾಡು ಮಾಡುವ ಯಾವ ಶಾಸನವೂ ಜನರ ಮುಂದೆ ಇಡಲ್ಪಟ್ಟು ಅವರ ಬಹುಮತ ಪಡೆಯುವವರೆಗೆ ಜಾರಿಗೆ ಬರತಕ್ಕದ್ದಲ್ಲ. ನವೆಂಬರ್ ೬ರಂದು ಜನರು ಎರಡನ್ನೂ ಅಂಗೀಕರಿಸಿದರು. ವಿರೋಧದ ಮತಗಳು ಒಂದು ಸಾವಿರವನ್ನೂ ಮುಟ್ಟಲಿಲ್ಲ. ಅದೇ ದಿನ ಅದೇ ಮತಗಟ್ಟೆಗಳಲ್ಲಿ ಅಬ್ರಹಾಂ ಲಿಂಕನ್ನನ ಚುನಾವಣೆಯೂ ನಡೆದುದರಿಂದ ಲೋಕದ ಕಣ್ಣೆಲ್ಲ ಅತ್ತ ಇದ್ದಿತು. ಇತ್ತಣ ಮತವನ್ನು ಗಮನಿಸಿದವರು ಸಾಲ ಕೊಟ್ಟವರು ಮಾತ್ರ.

ಈ ಎರಡನೆಯ ತಿದ್ದುಪಡಿಯ ಮಾತಿನ ಚಾತುರ್ಯವನ್ನು ನೋಡಬೇಕು. ಇದು ಸಾಲವನ್ನು ಅಲ್ಲಗಳೆಯುವುದಿಲ್ಲ. ಕೊಡುವುದಿಲ್ಲವೆಂದೂ ಹೇಳುವುದಿಲ್ಲ. ಕೊಡುವ ಮೊದಲು ಸಾಲಗಾರನನ್ನೇ ಮತ್ತೊಮ್ಮೆ ಕೇಳಬೇಕೆಂದು ಮಾತ್ರ ಹೇಳುವುದು. ನಮ್ಮ ವ್ಯವಹಾರಶಾಸ್ತ್ರದಲ್ಲಿ ಪ್ರತಿವಾದಿಯ ಉತ್ತರಕ್ಕೆ ನಾಲ್ಕು ಬಗೆಗಳನ್ನು ಹೇಳಿದೆ: ಹೌದೆಂದು ಒಪ್ಪುವ ಸಂಪ್ರತಿಪತ್ತಿ, ಇಲ್ಲವೆನ್ನುವ ಮಿಥ್ಯೋತ್ತರ, ತಂದುದು ನಿಜ ಆದರೆ ಇಂತಹ ಕಾರಣದಿಂದ ಕೊಡಬೇಕಾಗಿಲ್ಲವೆನ್ನುವ ಪ್ರತ್ಯವಸ್ಕಂದನ, ಹಿಂದೆಯೇ ತೀರ್ಪಾಗಿದೆಯೆನ್ನುವ ಪ್ರಾಙ್ನ್ಯಾಯ. ಮಿನ್ನೆಸೋಟಾದ ಉತ್ತರವು ಈ ನಾಲ್ಕರಲ್ಲಿ ಯಾವುದಕ್ಕೂ ಸೇರದು. ಒಂದು ವೇಳೆ ಜನರು ಮೋಸಹೋದೆವೆಂದು ನೇರವಾಗಿ ವಾದಿಸಿದ್ದರೆ ಅದು ಪ್ರತ್ಯವಸ್ಕಂದನವಾಗಿ, ಸತ್ಯಾಸತ್ಯ ವಿಚಾರಣೆಗೆ ಎಡೆಯಾಗುತ್ತಿದ್ದಿತು. ವಿಚಾರಣೆಯೇ ನಡೆಯದಂತೆ ತೀರ್ಪಿನ ಪೀಠದಲ್ಲಿ ಪ್ರತಿವಾದಿಯೇ ಕುಳಿತುದು ಇಲ್ಲಿಯ ವಿಶೇಷ.

ಜನರ ಪಕ್ಷದಲ್ಲಿ ಹುರುಳಿರಲಿಲ್ಲವೆಂದಲ್ಲ. ಐವತ್ತು ಲಕ್ಷದ ಮಾತಿಗೆ ಅವರು ಕಂಡುದು ಹುಲ್ಲು ಬೆಳೆಯುತ್ತಿದ್ದ ಮಣ್ಣಿನ ಏರಿಗಳನ್ನು. ಮಣ್ಣುಕೆಲಸಕ್ಕೆ ತಗುಲಿದ ಖರ್ಚಿಗಿಂತ ಪತ್ರಗಳ ಮುಖಬೆಲೆ ಹೆಚ್ಚೆಂದು ಎಲ್ಲರೂ ನಂಬಿದ್ದರು. ಪತ್ರಗಳನ್ನು ಅಗ್ಗಕ್ಕೆ ಕೊಂಡು ಪೆಟ್ಟಿಗೆಯಲ್ಲಿಟ್ಟವರಿಗೆ ಪೂರ್ಣ ಬೆಲೆಯನ್ನು ಏಕೆ ಕೊಡಬೇಕೆಂದು ಕೇಳಿದರು. ಸಂಸ್ಥಾನವೇ ಇಲ್ಲದಾಗ ಬಿದ್ದ ಮತ ಸಂಸ್ಥಾನವನ್ನು ಹೇಗೆ ಕಟ್ಟುವುದೆಂದೂ ಕೇಳಿದರು. ಹೊಸ ನಾಡಿನ ಒಕ್ಕಲಿಗನಿಗೆ ತೆರಿಗೆಯೆಂದರೆ ಮುಂದಿನ ವರ್ಷದ ಬಿತ್ತನೆಯ ಬೀಜ. ಇವೆಲ್ಲ ತೂಕವುಳ್ಳ ಮಾತುಗಳೇ.

ಆದರೆ ಇವೆಲ್ಲವನ್ನೂ ಒಂದು ಸಂಗತಿ ಹಗುರಮಾಡಿಬಿಡುತ್ತದೆ. ಸಾಲವನ್ನು ಒಲ್ಲೆನೆಂದ ಸಂಸ್ಥಾನವು ಒತ್ತೆಯನ್ನು ಒಲ್ಲೆನೆನ್ನಲಿಲ್ಲ. ೧೮೬೦ರಿಂದ ಮೊದಲ್ಗೊಂಡು ಅದು ನಾಲ್ಕು ಕಂಪೆನಿಗಳ ಅಡಮಾನವನ್ನೂ ಜಾರಿಮಾಡಿ, ಹರಾಜಿನಲ್ಲಿ ಹೆಸರಿಗೆ ಮಾತ್ರ ಬೆಲೆ ಕೂಗಿ, ಏರಿಗಳನ್ನೂ ಭೂಮಿಯ ಹಕ್ಕುಗಳನ್ನೂ ಸನ್ನದುಗಳನ್ನೂ ತಾನೇ ಕೊಂಡುಕೊಂಡಿತು. ಬಳಿಕ ಅವನ್ನೆಲ್ಲ ಹಳೆಯ ಋಣದ ಸೋಂಕಿಲ್ಲದಂತೆ ಹೊಸ ಕಂಪೆನಿಗಳಿಗೆ ಹಂಚಿಕೊಟ್ಟಿತು. ೧೮೬೨ರ ಜೂನ್ ೨೮ರಂದು ಸೇಂಟ್ ಪಾಲಿನಿಂದ ಸೇಂಟ್ ಆಂಥೊನಿಗೆ ಹತ್ತು ಮೈಲಿಯ ಮೊದಲ ರೈಲು ಓಡಿತು. ಎಳೆದುದು 'ವಿಲಿಯಂ ಕ್ರೂಕ್ಸ್' ಎಂಬ ಸೌದೆ ಉರಿಸುವ ಇಂಜಿನು. ಅದನ್ನು ಈಗಲೂ ದುಲೂತ್ ನಗರದ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಜನರು ಹರ್ಷದಿಂದ ನೋಡಿದ ಆ ಗಾಡಿ ಓಡಿದ ದಾರಿ ಹಳೆಯ ಮಿನ್ನೆಸೋಟಾ ಅಂಡ್ ಪೆಸಿಫಿಕ್ ಕಂಪೆನಿಯದು. ಮುಂದೆ ಜೇಮ್ಸ್ ಹಿಲ್ ಎಂಬ ಸಾಹಸಿಯ ಕೈಸೇರಿ, ಶಾಂತಸಾಗರದವರೆಗೆ ಬೆಳೆದು, 'ಗ್ರೇಟ್ ನಾರ್ದರನ್' ಎಂದು ಹೆಸರಾದ ಮಹಾಮಾರ್ಗದ ಮೂಲವೂ ಅದೇ. ಒತ್ತೆಯಿಟ್ಟ ಹಸುವಿನ ಹಾಲು ಕರೆಯುತ್ತ, ಹಸುವಿನ ಹೆಸರಿನ ಸಾಲ ತನ್ನದಲ್ಲವೆಂದ ಹಾಗಾಯಿತು.

ಸಾಲಿಗರಲ್ಲಿ ಮುಖ್ಯನಾದವನು ಒಹಾಯೊ ಸಂಸ್ಥಾನದ ಕ್ಲೀವ್‌ಲೆಂಡ್ ನಗರದ ಸೇಲಾ ಚೇಂಬರ್ಲಿನ್ ಎಂಬ ಗುತ್ತಿಗೆದಾರ. ಇವನು ಪೇಟೆಯಲ್ಲಿ ಪತ್ರ ಕೊಂಡವನಲ್ಲ. ಮಣ್ಣುಕೆಲಸ ಮಾಡಿಸಿ ಅದರ ಪ್ರತಿಫಲವಾಗಿ ಪತ್ರ ಪಡೆದವನು. ಆದರೂ ಸಂಸ್ಥಾನವನ್ನು ನ್ಯಾಯಸ್ಥಾನಕ್ಕೆ ಎಳೆಯಲು ಅವನಿಗೆ ದಾರಿಯಿರಲಿಲ್ಲ. ಒಂದು ಸಂಸ್ಥಾನದ ಮೇಲೆ ಮತ್ತೊಂದು ಸಂಸ್ಥಾನದ ಪ್ರಜೆ ಸಂಯುಕ್ತ ನ್ಯಾಯಸ್ಥಾನಗಳಲ್ಲಿ ವ್ಯಾಜ್ಯ ಹೂಡಕೂಡದೆಂದು ದೇಶದ ರಾಜ್ಯಘಟನೆಯ ಹನ್ನೊಂದನೆಯ ತಿದ್ದುಪಡಿ ೧೭೯೫ರಲ್ಲಿಯೇ ವಿಧಿಸಿದ್ದಿತು. ಅವನು ಸಂಸ್ಥಾನವನ್ನು ಬಿಟ್ಟು, ಹಳೆಯ ದಾರಿಯನ್ನು ಪಡೆದಿದ್ದ ಹೊಸ ರೈಲು ಕಂಪೆನಿಯ ಮೇಲೆ ದಾವೆ ಹೂಡಿದನು. ಅದು ದೇಶದ ಪರಮ ನ್ಯಾಯಸ್ಥಾನದವರೆಗೆ ಹೋಗಿ ೧೮೭೫ರ ಅಧಿವೇಶನದಲ್ಲಿ ಬಿದ್ದುಹೋಯಿತು. ಆದರೆ ದಾವೆಯನ್ನು ತಳ್ಳುವಾಗ ನ್ಯಾಯಮೂರ್ತಿಗಳು ಒಂದು ಮಾತನ್ನು ಹೇಳದೆ ಬಿಡಲಿಲ್ಲ: ಈ ಪತ್ರಗಳು ನ್ಯಾಯಬದ್ಧವಾದ ಋಣವೆಂದೂ, ಸಂಸ್ಥಾನವು ಸಾಮಾನ್ಯ ಮನುಷ್ಯನಂತೆ ನ್ಯಾಯಸ್ಥಾನಕ್ಕೆ ಅಧೀನವಾಗಿದ್ದಲ್ಲಿ ಯಾವ ನ್ಯಾಯಾಧೀಶನೂ ಅದರ ವಿರುದ್ಧ ತೀರ್ಪು ಕೊಡದೆ ಇರಲಾರನೆಂದೂ ಅವರು ಅಭಿಪ್ರಾಯಪಟ್ಟರು. ಗೆದ್ದ ಪಕ್ಷಕ್ಕೆ ಇಷ್ಟು ನಾಚಿಕೆಗೇಡಾದ ಗೆಲವು ಅಪರೂಪ.

ಇಂತಹ ನಡತೆ ಆ ದೇಶದಲ್ಲಿ ಹೊಸದಾಗಿರಲಿಲ್ಲ. ೧೮೪೧-೪೨ರಲ್ಲಿಯೇ ಹಲವು ಸಂಸ್ಥಾನಗಳು ಬಡ್ಡಿ ನಿಲ್ಲಿಸಿದ್ದುವು. ಪೆನ್ಸಿಲ್ವೇನಿಯಾ ಬಡ್ಡಿ ನಿಲ್ಲಿಸಿದಾಗ ಅದರ ಪತ್ರ ಕೊಂಡಿದ್ದ ಇಂಗ್ಲೆಂಡಿನ ಪಾದ್ರಿ ಸಿಡ್ನಿ ಸ್ಮಿತ್ತನು ೧೮೪೩ರಲ್ಲಿ ವಾಷಿಂಗ್ಟನ್ನಿನ ಕಾಂಗ್ರೆಸ್ಸಿಗೆ ಬರೆದ ವ್ಯಂಗ್ಯದ ಅರ್ಜಿ ಪ್ರಸಿದ್ಧವಾದುದು. ಪೆನ್ಸಿಲ್ವೇನಿಯಾ ಕೆಲವೇ ವರ್ಷಗಳಲ್ಲಿ ಮತ್ತೆ ಬಡ್ಡಿ ಕಟ್ಟಿ ಮಾನ ಉಳಿಸಿಕೊಂಡಿತು. ಮಿಸ್ಸಿಸ್ಸಿಪ್ಪಿ ಸಂಸ್ಥಾನವಾದರೋ ತನ್ನ ಬ್ಯಾಂಕುಪತ್ರಗಳ ಸಾಲವನ್ನು ಎಂದೆಂದಿಗೂ ತೀರಿಸಕೂಡದೆಂದು ೧೮೭೫ರಲ್ಲಿ ರಾಜ್ಯಘಟನೆಯಲ್ಲಿಯೇ ಬರೆಸಿಕೊಂಡಿತು.

ಮಿನ್ನೆಸೋಟಾದ ಎಲ್ಲರೂ ಈ ಸ್ಥಿತಿಯನ್ನು ಸಹಿಸಿಕೊಂಡು ಸುಮ್ಮನಿರಲಿಲ್ಲ. ಸಿಬ್ಲಿಯು ೧೮೭೧ರಲ್ಲಿ, ತನ್ನ ಅರುವತ್ತನೆಯ ವರ್ಷದಲ್ಲಿ, ಶಾಸನಸಭೆಯ ಸಾಮಾನ್ಯ ಸದಸ್ಯನಾಗಿ ಬಂದು ಸಾಲ ತೀರಿಸಬೇಕೆಂದು ವಾದಿಸಿದನು. ಯಾವ ಪತ್ರಗಳಿಗೆ ರುಜು ಹಾಕಲೊಲ್ಲೆನೆಂದು ಹಟ ಹಿಡಿದಿದ್ದನೋ ಅವುಗಳ ಪರವಾಗಿ ಮಾತಾಡಲು ಅವನಿಗಿಂತ ಯೋಗ್ಯನು ಬೇರೆ ಯಾರೂ ಇರಲಿಲ್ಲ. ಆದರೆ ಈ ಕಾರ್ಯದ ಭಾರವನ್ನು ಕಡೆಯವರೆಗೆ ಹೊತ್ತವನು ೧೮೭೬ರಲ್ಲಿ ಗವರ್ನರನಾದ ಜಾನ್ ಸಾರ್ಜೆಂಟ್ ಪಿಲ್ಸ್‌ಬರಿ.

ಪಿಲ್ಸ್‌ಬರಿಯು ಸೇಂಟ್ ಆಂಥೊನಿಯಲ್ಲಿ ಕಬ್ಬಿಣದ ಸಾಮಾನುಗಳ ಅಂಗಡಿಯವನಾಗಿ ಬಾಳು ಪ್ರಾರಂಭಿಸಿದವನು. ೧೮೫೭ರಲ್ಲಿ, ಪೇಟೆಗಳು ಕುಸಿದ ಆ ವರ್ಷವೇ, ಅವನ ಅಂಗಡಿ ಬೆಂಕಿಗೆ ಆಹುತಿಯಾಯಿತು. ಸಾಲಿಗರನ್ನು ತಪ್ಪಿಸಿಕೊಳ್ಳಲು ಆ ಕಾಲದಲ್ಲಿ ಯಾರೂ ಬೇಕಾದಷ್ಟು ನೆಪ ಹೇಳಬಹುದಾಗಿತ್ತು. ಅವನು ಹೇಳಲಿಲ್ಲ, ಕೆಲವು ವರ್ಷ ದುಡಿದು ಸಾಲವನ್ನೆಲ್ಲ ತೀರಿಸಿದನು. ಮುಂದೆ ಮಿನ್ನೆಸೋಟಾ ವಿಶ್ವವಿದ್ಯಾನಿಲಯವು ಕಟ್ಟಡದ ಸಾಲದಲ್ಲಿ ಮುಳುಗಿದ್ದಾಗ ಅದರ ಆಡಳಿತಮಂಡಲಿಯನ್ನು ಸೇರಿ, ಒಬ್ಬೊಬ್ಬ ಸಾಲಿಗನೊಡನೆಯೂ ಮಾತಾಡಿ ಇತ್ಯರ್ಥ ಮಾಡಿಸಿ, ವಿದ್ಯಾಲಯದ ಬಾಗಿಲು ತೆರೆಯುವಂತೆ ಮಾಡಿದನು. ಅಂತಹವನು ಗವರ್ನರನ ಪೀಠದಲ್ಲಿ ಕುಳಿತು ವರ್ಷವರ್ಷವೂ ಶಾಸನಸಭೆಗೆ ಒಂದೇ ಮಾತನ್ನು ಹೇಳುತ್ತ ಬಂದುದರಲ್ಲಿ ಆಶ್ಚರ್ಯವಿಲ್ಲ. ಮತ ಕೇಳುವವರಿಗೆ ಇದು ಲಾಭದ ಮಾತಾಗಿರಲಿಲ್ಲವೆಂಬುದನ್ನೂ ಹೇಳಬೇಕು.

೧೮೭೭ರಲ್ಲಿ ಅವನ ಪ್ರಯತ್ನದಿಂದ ಒಂದು ಪ್ರಸ್ತಾವ ಜನರ ಮುಂದೆ ಬಂದಿತು. ಅದರಲ್ಲಿ ತೆರಿಗೆಯ ಸೊಲ್ಲೇ ಇರಲಿಲ್ಲ. ಹೊಸ ಸಂಸ್ಥಾನಗಳ ಸಾರ್ವಜನಿಕ ಕಾಮಗಾರಿಗಳಿಗೆಂದು ಕಾಂಗ್ರೆಸ್ಸು ಕೊಡುತ್ತಿದ್ದ ಐದು ಲಕ್ಷ ಎಕರೆ ಭೂಮಿಯಲ್ಲಿ ಮಾರದೆ ಉಳಿದುದನ್ನು ಸಾಲಪತ್ರಗಳಿಗೆ ಬದಲಾಗಿ ಕೊಡಬಹುದೇ ಎಂಬುದಷ್ಟೇ ಪ್ರಶ್ನೆ. ಜೂನ್ ೧೨ರಂದು ಬಿದ್ದ ಮತಗಳು: ಪರ ೧೭,೩೨೪, ವಿರೋಧ ೫೯,೧೭೬. ೧೮೫೮ರಲ್ಲಿ ಸಾಲ ಮಾಡಲು ಒಪ್ಪಿದವರಿಗಿಂತ ೧೮೭೭ರಲ್ಲಿ ತೀರಿಸಲು ಒಪ್ಪಿದವರ ಸಂಖ್ಯೆಯೇ ಕಡಮೆ, ಅದೂ ನಾಡು ಹಲವು ಮಡಿ ಬೆಳೆದ ಮೇಲೆ. ೧೮೮೦ರ ಗಣತಿಯಲ್ಲಿ ಅಲ್ಲಿ ೭,೮೦,೭೭೩ ಜನರಿದ್ದರು.

ಈ ಬೆಳವಣಿಗೆಯೇ ಒಂದು ಹೊಸ ವಾದಕ್ಕೆ ಎಡೆಗೊಟ್ಟಿತು. ಬಹುಪಾಲು ಜನರು ೧೮೫೮ರಿಂದೀಚೆಗೆ ಬಂದು ನೆಲಸಿದವರು. ನಾರ್ವೆ ಸ್ವೀಡನ್ ಜರ್ಮನಿಗಳಿಂದ ಬಂದು ಹೊಲ ಬಿಡಿಸಿಕೊಂಡ ಒಕ್ಕಲಿಗನು, ತಾನು ಮತ ಹಾಕದ ಸಾಲಕ್ಕೆ ತಾನೇಕೆ ತೆರಿಗೆ ಕಟ್ಟಬೇಕೆಂದು ಕೇಳಿದರೆ ಉತ್ತರವೇನು? ನಮ್ಮ ಸ್ಮೃತಿಕಾರರು ಈ ಪ್ರಶ್ನೆಯನ್ನು ಕುಟುಂಬದ ಮಟ್ಟದಲ್ಲಿ ಆಳವಾಗಿ ವಿಚಾರಿಸಿರುವರು. ತಂದೆಯ ಸಾಲವನ್ನು ಮಗನು ಬಡ್ಡಿಸಹಿತ ತೀರಿಸಬೇಕು. ಮೊಮ್ಮಗನು ಅಸಲನ್ನು ಮಾತ್ರ ತೀರಿಸಬೇಕು. ಅವನ ಮಗನಿಗೆ ಹೊಣೆಯಿಲ್ಲ ಎಂದು ಬೃಹಸ್ಪತಿಯ ಮತ. ಕುಡಿತ ಜೂಜುಗಳ ಸಾಲವು ಮಗನನ್ನು ಮುಟ್ಟದು. ಆದರೆ ಪಿತೃಧನವನ್ನು ತೆಗೆದುಕೊಂಡವನು ಪಿತೃಋಣವನ್ನೂ ತೆಗೆದುಕೊಳ್ಳಬೇಕೆಂಬುದರಲ್ಲಿ ಅವರೆಲ್ಲರೂ ಒಮ್ಮತ. ಹೊಸದಾಗಿ ಬಂದ ಒಕ್ಕಲಿಗನು ತನ್ನ ಗೋಧಿಯನ್ನು ಪೇಟೆಗೆ ಸಾಗಿಸಿದುದು ಆ ಏರಿಗಳ ಮೇಲೆ ಹಾಸಿದ ಕಂಬಿಗಳ ಮೂಲಕವೇ ಆಗಿದ್ದಲ್ಲಿ, ಅವನು ಈ ಅರ್ಥದಲ್ಲಿ ಮತ ಹಾಕಿದವರ ದಾಯಾದನೇ ಸರಿ.

ಜನಮತದಿಂದ ಕಾರ್ಯವಾಗದೆಂಬುದು ಪಿಲ್ಸ್‌ಬರಿಗೆ ಮನವರಿಕೆಯಾಗಿದ್ದಿತು. ಇತ್ತ ಚೇಂಬರ್ಲಿನ್ನನು ಬರಬೇಕಾದುದರಲ್ಲಿ ಅರ್ಧಕ್ಕೆ ಒಪ್ಪಿಕೊಳ್ಳಲು ಸಿದ್ಧನಾದನು. ೧೮೮೧ರ ಆದಿಯಲ್ಲಿ ಶಾಸನಸಭೆಯು ಒಂದು ಜಾಣ್ಮೆಯ ಶಾಸನ ಮಾಡಿತು: ಜನರನ್ನು ಕೇಳದೆ ಸಾಲ ತೀರಿಸುವ ಅಧಿಕಾರ ಸಭೆಗೆ ಇದೆಯೇ ಇಲ್ಲವೇ ಎಂಬುದನ್ನು ನ್ಯಾಯಾಧೀಶರ ಒಂದು ವಿಶೇಷ ಮಂಡಲಿ ನಿರ್ಣಯಿಸಲಿ, ಇದೆಯೆಂದರೆ ಇತ್ಯರ್ಥ ಜಾರಿಗೆ ಬರಲಿ. ಹೊಣೆಯನ್ನು ನ್ಯಾಯಾಧೀಶರ ಹೆಗಲಿಗೆ ಜಾರಿಸುವ ಈ ಉಪಾಯವನ್ನು ಪ್ರಶ್ನಿಸಿ ವ್ಯಾಜ್ಯ ಹುಟ್ಟಿತು. ಸೆಪ್ಟೆಂಬರಿನಲ್ಲಿ ಸಂಸ್ಥಾನದ ಶ್ರೇಷ್ಠ ನ್ಯಾಯಸ್ಥಾನವು ಮುಖ್ಯ ನ್ಯಾಯಾಧೀಶ ಜೇಮ್ಸ್ ಗಿಲ್‌ಫಿಲನ್ನನ ಬಾಯಿಂದ ತೀರ್ಪು ಕೊಟ್ಟಿತು. ವಿಶೇಷ ಮಂಡಲಿ ಸಲ್ಲದು. ಶಾಸನ ಮಾಡುವ ಕೆಲಸವನ್ನು ಸಭೆಯು ಬೇರೆಯವರಿಗೆ ವಹಿಸಕೂಡದು. ಇಷ್ಟರಿಂದ ಸಾಲ ಒಲ್ಲದವರು ಗೆದ್ದರೆಂದು ತೋರಬಹುದು. ಆದರೆ ತೀರ್ಪು ಅಲ್ಲಿಗೆ ನಿಲ್ಲಲಿಲ್ಲ. ಕರಾರುಗಳ ಬಂಧವನ್ನು ಯಾವ ಸಂಸ್ಥಾನವೂ ಸಡಿಲಿಸಕೂಡದೆಂದು ದೇಶದ ರಾಜ್ಯಘಟನೆಯ ಮೊದಲ ಪ್ರಕರಣವೇ ವಿಧಿಸುವುದು. ೧೮೫೮ರಲ್ಲಿ ಜನರು ಸಂಸ್ಥಾನದ ನಂಬಿಕೆಯನ್ನು ಒತ್ತೆಯಿಟ್ಟುದು ಒಂದು ಕರಾರು. ಅದನ್ನು ಸಲ್ಲಿಸುವ ಕರ್ತವ್ಯ ಶಾಸನಸಭೆಯ ಮೇಲೆ ಬಿದ್ದಿದ್ದಿತು. ೧೮೬೦ರ ತಿದ್ದುಪಡಿಯು ಆ ಕರ್ತವ್ಯಕ್ಕೂ ಸಾಲಿಗನಿಗೂ ನಡುವೆ ಸಾಲಗಾರನ ಇಚ್ಛೆಯನ್ನು ತಂದಿಟ್ಟುದರಿಂದ ಕರಾರಿನ ಬಂಧ ಸಡಿಲವಾಯಿತು. ಆದುದರಿಂದ ಆ ತಿದ್ದುಪಡಿ ಹುಟ್ಟಿದಂದಿನಿಂದಲೇ ಅಸಿಂಧು. ಶಾಸನಸಭೆಗೆ ಅಧಿಕಾರವಿದ್ದುದು ಮಾತ್ರವಲ್ಲ, ಅದು ಒಮ್ಮೆಯೂ ತಪ್ಪಿಹೋಗಿರಲಿಲ್ಲವೆಂದು ಇದರಿಂದ ಏರ್ಪಟ್ಟಿತು.

೧೮೫೮ರಲ್ಲಿ ಸಿಬ್ಲಿಯ ಕೈಹಿಡಿದು ಪತ್ರ ಹೊರಡಿಸಿದುದು ಈ ನ್ಯಾಯಸ್ಥಾನವೇ. ಇಪ್ಪತ್ತಮೂರು ವರ್ಷಗಳ ಮೇಲೆ ಆ ಪತ್ರಗಳ ಋಣವನ್ನು ಬಿಡಿಸಲು ದಾರಿ ತೆರೆದುದೂ ಇದೇ. ನ್ಯಾಯಾಧೀಶರು ಬೇರೆ ಬೇರೆಯವರಾದರೂ ಪೀಠ ಒಂದೇ.

ಪಿಲ್ಸ್‌ಬರಿಯು ತಡಮಾಡದೆ ಅಕ್ಟೋಬರಿನಲ್ಲಿ ವಿಶೇಷಾಧಿವೇಶನ ಕರೆದನು. ಆ ಅಧಿವೇಶನದ ಶಾಸನದಂತೆ ಹಳೆಯ ಪತ್ರಗಳಿಗೆ ಬದಲಾಗಿ, ಬರಬೇಕಾದ ಮೊತ್ತದ ಅರ್ಧಕ್ಕೆ ಹೊಸ ಇತ್ಯರ್ಥಪತ್ರಗಳು ಹೊರಟುವು. ಸಾವಿರ ಡಾಲರಿನ ಒಂದು ಪತ್ರಕ್ಕೆ ವರ್ಷಕ್ಕೆ ಎಪ್ಪತ್ತರಂತೆ ಸರಳಬಡ್ಡಿಯನ್ನೇ ಎಣಿಸಿದರೂ, ೧೮೫೯ರ ಡಿಸೆಂಬರಿನಿಂದ ೧೮೮೧ರ ಡಿಸೆಂಬರಿಗೆ ಬಡ್ಡಿ ೧,೫೪೦ ಆಗುವುದು. ಅಸಲು ಸೇರಿ ೨,೫೪೦. ಒಮ್ಮೆಗೇ ವಸೂಲುಮಾಡುವ ಬಡ್ಡಿಯು ಅಸಲನ್ನು ಮೀರಕೂಡದೆಂಬ ದ್ವೈಗುಣ್ಯದ ನಿಯಮ ನಮ್ಮಲ್ಲಿ ಮನುವಿನ ಕಾಲದಿಂದಲೂ ಇದೆ. ಅದರ ಪ್ರಕಾರವೇ ಆದರೂ ಸಾಲಿಗನಿಗೆ ಎರಡು ಸಾವಿರ ಸಲ್ಲಬೇಕಾಗಿದ್ದಿತು. ಅರ್ಧ ಬಿಟ್ಟವನು ಚೇಂಬರ್ಲಿನ್. ಅರ್ಧ ಬಿಡಿಸಿಕೊಂಡುದು ಇಪ್ಪತ್ತೆರಡು ವರ್ಷ ಕಾಯಿಸಿದ ಸಂಸ್ಥಾನ. ಇದನ್ನು ಋಣಮುಕ್ತಿಯೆನ್ನುವುದಕ್ಕಿಂತ ರಾಜಿಯೆನ್ನುವುದೇ ಸರಿಯಾದ ಹೆಸರು. ಆದರೂ ರಾಜಿಯಿಂದಲೇ ಸಂಸ್ಥಾನದ ಪತ್ರಗಳಿಗೆ ನ್ಯೂಯಾರ್ಕಿನ ಪೇಟೆಯಲ್ಲಿ ಮತ್ತೆ ಮರ್ಯಾದೆ ಬಂದಿತು.

ಪಿಲ್ಸ್‌ಬರಿಯು ೧೮೮೨ರ ಜನವರಿಯಲ್ಲಿ ಅಧಿಕಾರ ಬಿಟ್ಟನು. ಹೊಸ ಪತ್ರಗಳನ್ನು ತೀರಿಸಲು ಹಣ ಎಲ್ಲಿಂದ ಬರಬೇಕೆಂಬ ಪ್ರಶ್ನೆ ಉಳಿದಿದ್ದಿತು. ಅದೇ ವರ್ಷದ ನವೆಂಬರಿನ ಚುನಾವಣೆಯಲ್ಲಿ ಅದನ್ನು ಜನರ ಮುಂದಿಟ್ಟರು. ಸಾರ್ವಜನಿಕ ಕಾಮಗಾರಿಗಳ ಭೂಮಿಯ ಉತ್ಪತ್ತಿಯನ್ನು ಈ ಪತ್ರಗಳ ತೀರುವಳಿಗೆ ಮೀಸಲಿಡಬಹುದೇ ಎಂದು ಕೇಳಲಾಯಿತು. ಐದು ವರ್ಷಗಳ ಹಿಂದೆ ಯಾವ ಭೂಮಿಯನ್ನು ಸಾಲಿಗರಿಗೆ ಕೊಡಲೊಲ್ಲೆವೆಂದು ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಜನರು ಹೇಳಿದ್ದರೋ ಆ ಭೂಮಿಯೇ ಇದು. ಈ ಸಲ ಬಹುಮತವು ಆಗಬಹುದೆಂದಿತು.